ಪಡುವಣ ಗೋಡೆಯಿಂದ ಶುರು ಮಾಡಿ: ಹಳೆಯ ಸಿನಗಾಗನ್ನು ಮ್ಯೂಸಿಯಂ ಮಾಡುವವರಿಗೆ

ನನ್ನ ಅಕ್ಕನ ಮಗಳು ಹಳೆಯ ಕಟ್ಟಡ ಉಳಿಸುವ ಕೆಲಸ ಕಲಿಯುತ್ತಿದ್ದಾಳೆ. ಕೇರಳದ ಒಂದು ಹಳೆಯ ಸಿನಗಾಗನ್ನು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರವನ್ನು, ಅವರ ಬದುಕು ತೋರಿಸುವ ಮ್ಯೂಸಿಯಂ ಮಾಡಬೇಕಾದರೆ ಏನೇನು ಮಾಡಬೇಕು, ಬರೆದು ತಾ ಅಂತ ಕಾಲೇಜಿನವರು ಹೇಳಿದರಂತೆ. ಅವಳು ಬದಿಯಡ್ಕದಲ್ಲಿರುವ ನನಗೆ ಫೋನ್ ಮಾಡಿದಳು. "ಮಾವ, ಮೂವತ್ತು ವರ್ಷ ಮುರಕಲ್ಲಿನ ಮನೆ, ದೈವಸ್ಥಾನ ಅಂತ ರಿಪೇರಿ ಮಾಡಿದವರು ನೀವು. ಇದೂ ಅದೇ ಲೆಕ್ಕ ಅಲ್ವಾ?"

ಅರ್ಧ ಅದೇ ಲೆಕ್ಕ. ಇನ್ನರ್ಧ ನನಗೂ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರೂ ಬೆಳಿಗ್ಗೆ ಕಾಸರಗೋಡಿನಲ್ಲಿ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ ಆಲುವದಲ್ಲಿ ಇಳಿದೆವು. ಪರವೂರು, ಚೇಂದಮಂಗಲಂ, ಮಟ್ಟಾಂಚೇರಿ ಮೂರೂ ಕಡೆ ಸುತ್ತಿದೆವು. ಅಲ್ಲಿನವರು ಸಿನಗಾಗಿಗೆ ಜೂದಪ್ಪಳ್ಳಿ ಅನ್ನುತ್ತಾರೆ. ನಮ್ಮ ಕಡೆ ಪಳ್ಳಿ ಅಂದರೆ ಮಸೀದಿ ಮಾತ್ರ. ಅಲ್ಲಿ ಮಸೀದಿ, ಇಗರ್ಜಿ, ಸಿನಗಾಗ್ ಎಲ್ಲವೂ ಪಳ್ಳಿಯೇ. ಕಂಡದ್ದನ್ನೂ ನನ್ನ ಕೈಯ ಅನುಭವವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಅವಳ ಕ್ಲಾಸಿನವರಿಗೆ ಅಂತ ಬರೆದದ್ದು, ಬೇರೆಯವರಿಗೂ ಬೇಕಾದೀತು.

ಮೊದಲು ಕೊಡೆ ಹಿಡಿದು ಹೋಗಿ

ಕಟ್ಟಡ ನೋಡಲು ಬೇಸಿಗೆಯಲ್ಲಿ ಹೋಗುತ್ತಾರೆ. ಆಗ ಎಲ್ಲಾ ಗೋಡೆಯೂ ಒಳ್ಳೆಯ ಗೋಡೆಯೇ. ನೀವು ಆಟಿ ತಿಂಗಳಲ್ಲಿ, ಮಳೆ ಹೊಯ್ಯುವಾಗ ಹೋಗಿ. ಒಳಗೆ ಒಂದು ಗಂಟೆ ಸುಮ್ನೆ ನಿಲ್ಲಿ. ಎಲ್ಲಿ ತೊಟ್ಟಿಕ್ಕುತ್ತದೆ, ಯಾವ ಮೂಲೆ ವಾಸನೆ ಬರುತ್ತದೆ, ಮಾಡಿನ (ಛಾವಣಿಯ) ನೀರು ಎಲ್ಲಿ ಬಿದ್ದು ಗೋಡೆಗೆ ಎಷ್ಟು ಎತ್ತರ ಸಿಡಿಯುತ್ತದೆ, ಎಲ್ಲಾ ನೋಡಿ ನಕ್ಷೆಯ ಮೇಲೆ ಗುರುತು ಹಾಕಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕರಾವಳಿ ಇದು.

ಈಗ ಒಂದು ಮಾತು. ಯಹೂದಿಗಳು ಜೆರುಸಲೇಂ ಕಡೆ ಮುಖ ಮಾಡಿ ಪ್ರಾರ್ಥನೆ ಮಾಡುತ್ತಾರೆ. ನಮ್ಮಿಂದ ಅದು ಪಶ್ಚಿಮಕ್ಕೆ. ಹಾಗಾಗಿ ಕೇರಳದ ಸಿನಗಾಗುಗಳಲ್ಲಿ ಧರ್ಮಗ್ರಂಥದ ಸುರುಳಿಗಳನ್ನು ಇಡುವ ಮರದ ಕಪಾಟು, ಅಂದರೆ ಹೇಖಾಲ್, ಪಡುವಣ ಗೋಡೆಗೆ ಒತ್ತಿ ಇರುತ್ತದೆ. ನಮ್ಮ ಮಳೆಗಾಲದ ಗಾಳಿ ಬರುವುದು ಯಾವ ಕಡೆಯಿಂದ? ಅದೇ ಪಡುವಣದಿಂದ. ನಮ್ಮ ಮನೆಗಳಲ್ಲಿ ಜಡಿಮಳೆಗೆ ಮಡಲಿನ ತಟ್ಟಿ ಕಟ್ಟುವುದು ಯಾವ ಗೋಡೆಗೆ ಅಂತ ನೆನಪು ಮಾಡಿಕೊಳ್ಳಿ. ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ಪವಿತ್ರವಾದ ಮರದ ಕೆಲಸ, ಎಲ್ಲಕ್ಕಿಂತ ಜಾಸ್ತಿ ಒದ್ದೆಯಾಗುವ ಗೋಡೆಗೆ ಒರಗಿ ನಿಂತಿದೆ. ಪರವೂರಿನಲ್ಲಿ ಇದು ನನಗೆ ತಟ್ಟನೆ ಹೊಳೆಯಿತು. ಅಕ್ಕನ ಮಗಳು ಪುಸ್ತಕದಲ್ಲಿ ಮೊದಲ ಸಾಲಾಗಿ ಅದನ್ನೇ ಬರೆದುಕೊಂಡಳು.

ಆದ್ದರಿಂದ ಆ ಗೋಡೆಯ ಹೊರಮೈಯಿಂದ ಕೆಲಸ ಶುರುವಾಗಲಿ. ಚಾಚು ಮಾಡು ಸಾಕಷ್ಟು ಹೊರಗೆ ಇದೆಯಾ ನೋಡಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರ ಬಂದಿದ್ದರೆ ಮಣ್ಣು ತೆಗೆದು ತಗ್ಗಿಸಿ. ನೂರಾರು ವರ್ಷದಲ್ಲಿ ರಸ್ತೆ, ಅಂಗಳ ಎಲ್ಲಾ ಮೇಲೆ ಬಂದಿರುತ್ತವೆ. ನೀರು ಹೋಗುವ ಚರಂಡಿ ಗೋಡೆಯಿಂದ ದೂರ ಹರಿಯಲಿ. ಹೇಖಾಲಿನ ಬೆನ್ನಿಗೂ ಗೋಡೆಗೂ ನಡುವೆ ಗಾಳಿ ಆಡಲು ನಾಲ್ಕು ಬೆರಳಿನಷ್ಟಾದರೂ ಜಾಗ ಸಿಕ್ಕರೆ ಪುಣ್ಯ. ಗೆದ್ದಲು ಬರುವುದೂ ಅದೇ ಸಂದಿಯಿಂದ. ಟಾರ್ಚ್ ಹಾಕಿ ಹಿಂದೆ ನೋಡದೆ ಯಾವ ಹೊಸ ಪಾಲಿಶೂ ಬೇಡ.

ಸಿಮೆಂಟಿನ ಚೀಲ ಗೇಟಿನ ಹೊರಗೆ

ಈ ಕಟ್ಟಡಗಳ ಗೋಡೆ ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು. ಗಾರೆ ಸುಣ್ಣದ್ದು. ಕಾಸರಗೋಡಿನವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಬೇಕಲ ಕೋಟೆ ನೋಡಿ ಬೆಳೆದವರು ನಾವು. ಆದರೆ ತಪ್ಪು ಮಾಡುವುದೂ ನಾವೇ. ನಾನೇ ಮಾಡಿದ್ದೇನೆ. ಕೆಲಸ ಕಲಿತ ಹೊಸತರಲ್ಲಿ ನಮ್ಮದೇ ತರವಾಡು ಮನೆಯ ಚಾವಡಿ ಗೋಡೆಗೆ ಸಿಮೆಂಟ್ ಸಾರಣೆ ಮಾಡಿದೆ. ನುಣ್ಣಗೆ, ಕನ್ನಡಿ ಹಾಗೆ. ಎಲ್ಲರೂ ಹೊಗಳಿದರು. ಆರು ಮಳೆಗಾಲ ಕಳೆಯಿತು. ಒಳಗಿನ ನೀರು ಹೊರಗೆ ಬರಲು ದಾರಿ ಇಲ್ಲದೆ ಸಿಮೆಂಟಿನ ಹಿಂದೆ ಉಪ್ಪು ಕಟ್ಟಿತು. ಒಂದು ದಿನ ಸಾರಣೆ ಹಪ್ಪಳದ ಹಾಗೆ ಎದ್ದು ಬಿತ್ತು. ಬೀಳುವಾಗ ಕಲ್ಲಿನ ಮೈಯನ್ನೂ ಎರಡು ಇಂಚು ಕಿತ್ತುಕೊಂಡು ಬಿತ್ತು. ಅಜ್ಜ ಏನೂ ಹೇಳಲಿಲ್ಲ. ಬಿದ್ದದ್ದನ್ನು ಬುಟ್ಟಿಯಲ್ಲಿ ತುಂಬಿ ನಾನೇ ಹೊತ್ತು ಹಾಕುವಾಗ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಸುಣ್ಣದ ಗಾರೆ ಉಸಿರಾಡುತ್ತದೆ. ಗೋಡೆಗೆ ನೀರು ಹೋದರೂ ಹೊರಗೆ ಬಿಡುತ್ತದೆ. ಕಲ್ಲಿಗಿಂತ ಮೆದುವಾಗಿರುವುದರಿಂದ ಹಾಳಾಗುವುದಾದರೆ ಮೊದಲು ತಾನು ಹಾಳಾಗುತ್ತದೆ. ಕಲ್ಲು ಉಳಿಯುತ್ತದೆ. ಸಿಮೆಂಟಿನ ಬುದ್ಧಿ ಇದಕ್ಕೆ ಪೂರ್ತಿ ಉಲ್ಟಾ.

ಹಳೆಯ ರಿಪೇರಿಯ ಸಿಮೆಂಟ್ ಇದ್ದರೆ ಸಣ್ಣ ಉಳಿ, ಸುತ್ತಿಗೆ ಹಿಡಿದು ಕೈಯಲ್ಲೇ ತೆಗೆಸಿ. ಕರೆಂಟಿನ ಬ್ರೇಕರ್ ಬೇಡ, ಅದರ ನಡುಕಕ್ಕೆ ಒಳಗಿನ ಗಾರೆ ಸಡಿಲವಾಗುತ್ತದೆ. ಕಲ್ಲಿನ ಮೈಯೇ ಕಿತ್ತು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅಷ್ಟು ಸಿಮೆಂಟ್ ಇದ್ದರೆ ಇರಲಿ, ಕಲ್ಲು ಹೋದರೆ ಬರುವುದಿಲ್ಲ.

ಸುಣ್ಣಕ್ಕೆ ಚಿಪ್ಪಿ ಸುಣ್ಣ ಸಿಕ್ಕರೆ ಒಳ್ಳೆಯದು, ಕರಾವಳಿಯ ಹಳೆಯ ಕೆಲಸ ಹೆಚ್ಚಿನದೂ ಅದರಲ್ಲೇ. ಸುಟ್ಟ ಚಿಪ್ಪಿಗೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಆಮೇಲೆ ಸೋಸಿ, ನೀರಿನಡಿಯಲ್ಲಿ ಕನಿಷ್ಠ ಒಂದು ತಿಂಗಳು ಬಿಡಿ. ಜಾಸ್ತಿ ದಿನ ಇಟ್ಟಷ್ಟೂ ಬೆಣ್ಣೆಯಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳಿನಿಂದ ಶುರು ಮಾಡಿ. ಕಡಲ ಮರಳು ಮುಟ್ಟಬೇಡಿ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವ ಪದ್ಧತಿ ಇದೆ. ನಾನೂ ಹಾಕುತ್ತೇನೆ. ಆದರೆ ಪಾಯಸ ಮಾಡಿದ ಹಾಗೆ ಸುರಿಯುವವರನ್ನು ಕಂಡಿದ್ದೇನೆ. ಮೊದಲು ಹಿಂಬದಿ ಗೋಡೆಯಲ್ಲಿ ಒಂದು ತುಂಡು ಮಾಡಿ, ಒಂದು ಮಳೆಗಾಲ ನೋಡಿ. ಸಾರಣೆ ಒಂದು ಸಲಕ್ಕೆ ಹತ್ತು ಹನ್ನೆರಡು ಮಿಲಿಮೀಟರಿಗಿಂತ ದಪ್ಪ ಬೇಡ. ಗೋಡೆಯನ್ನು ಮೊದಲೇ ನೆನೆಸಿ. ಆಮೇಲೆ ಒದ್ದೆ ಗೋಣಿ ಕಟ್ಟಿ ಬಿಸಿಲಿನಿಂದ ಕಾಪಾಡಿ.

ಬಣ್ಣ ಹೊಡೆಯುವ ಮೊದಲು ಒಂದು ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಬ್ಲೇಡಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕೆರೆಯಿರಿ. ಒಂದರಡಿ ಒಂದು ಸುಣ್ಣದ ಪದರ ಕಾಣುತ್ತದೆ. ಬಿಳಿ, ನೀಲಿ, ಹಳದಿ ಏನಿದ್ದರೂ ಫೋಟೊ ತೆಗೆದು ಬರೆದಿಡಿ. ಆ ತುಂಡನ್ನು ಹಾಗೆಯೇ ಬಿಟ್ಟು ನೋಡುವವರಿಗೆ ತೋರಿಸಿದರೆ ಇನ್ನೂ ಚೆಂದ.

ಮಾಡು, ಮುಚ್ಚಿಗೆ

ಮಾಡಿನ ಕೆಲಸ ಪತ್ತನಾಜೆಯ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ದಿನ) ಮೊದಲು ಮುಗಿಯಬೇಕು. ಆಮೇಲೆ ಬಯಲಾಟವೂ ಇಲ್ಲ, ಹೆಂಚು ಇಳಿಸುವುದೂ ಇಲ್ಲ. ದೀಪಾವಳಿ ಕಳೆದ ಕೂಡಲೇ ಇಳಿಸಿದರೆ ಸಮಯ ಸಾಕು.

ಪಕ್ಕಾಸು (ಮಾಡಿನ ಇಳಿಜಾರಿನ ಮರ), ರೀಪು (ಹೆಂಚು ಕೂರುವ ಮರದ ಪಟ್ಟಿ) ಎಲ್ಲದಕ್ಕೂ ನಂಬರ್ ಹಾಕಿ, ಆಮೇಲೆ ಬಿಚ್ಚಿ. ಚಾಕಿನಲ್ಲಿ ಬರೆಯಬೇಡಿ. ನಾನು ಒಂದು ಮನೆಯಲ್ಲಿ ಬರೆದಿದ್ದೆ. ಅಕಾಲದಲ್ಲಿ ಒಂದು ರಾತ್ರಿ ಮಳೆ ಬಂತು. ಬೆಳಿಗ್ಗೆ ನೂರ ನಲ್ವತ್ತು ಪಕ್ಕಾಸು, ಒಂದಕ್ಕೂ ಹೆಸರಿಲ್ಲ. ಈಗ ತಗಡಿನ ಬಿಲ್ಲೆಗೆ ನಂಬರ್ ಕೊರೆದು ಮೊಳೆ ಹೊಡೆಸುತ್ತೇನೆ.

ಪಕ್ಕಾಸು ಹಾಳಾಗುವುದು ಗೋಡೆಗೆ ಕೂರುವ ತುದಿಯಲ್ಲಿ. ಉಳಿದದ್ದು ಕಬ್ಬಿಣದ ಹಾಗೆ ಇರುತ್ತದೆ. ತುದಿ ಮಾತ್ರ ಕತ್ತರಿಸಿ ಅದೇ ಜಾತಿಯ ಮರ ಜೋಡಿಸಿ. ಹೊಸ ತುಂಡಿನ ಮೇಲ್ಮೈಯಲ್ಲಿ, ಕೆಳಗಿನವರಿಗೆ ಕಾಣದ ಕಡೆ, ಇಸವಿ ಕೊರೆಯಿರಿ. ಐವತ್ತು ವರ್ಷ ಬಿಟ್ಟು ಹತ್ತುವವನಿಗೆ ಯಾವುದು ಹಳೆಯದು, ಯಾವುದು ನಿಮ್ಮದು ಅಂತ ಗೊತ್ತಾಗಬೇಕು.

ಮಂಗಳೂರು ಹೆಂಚು ಕಂಡ ಕೂಡಲೇ "ಮೂಲದ್ದು" ಅಂತ ಬೋರ್ಡ್ ಬರೆಯಬೇಡಿ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಪರವೂರಿನ ಸಿನಗಾಗನ್ನು ಕಟ್ಟಿಸಿದ್ದು 1616ರಲ್ಲಿ. ನಡುವೆ ಇನ್ನೂರ ಐವತ್ತು ವರ್ಷ ಮಾಡಿನ ಮೇಲೆ ಬೇರೇನೋ ಇತ್ತು. ನಮ್ಮೂರ ಹೆಂಚು ಅಷ್ಟು ದೂರ ಹೋಗಿ ಕೂತದ್ದು ಕಂಡರೆ ಖುಷಿಯೇ, ಆದರೆ ಲೆಕ್ಕ ಲೆಕ್ಕವೇ.

 ಕರೆಂಟಿನ ವಯರಿಗೆ ಅಂತ ಮುರಕಲ್ಲು ಕೊರೆದು ಪೈಪ್ ಹೂಳಬೇಡಿ, ಹೊರಗಿನಿಂದಲೇ ಎಳೆಯಿರಿ. ತುಲಾ ಮಾಸದ ಗುಡುಗು ನೆನಪಿಟ್ಟು ಸಿಡಿಲಿಗೆ ತಂತಿ ಹಾಕಿಸಿ.

ಯಾವುದು ಯಾಕೆ ಇದೆ ಅಂತ ಕೇಳಿ

ಇನ್ನು ನನಗೆ ಗೊತ್ತಿಲ್ಲದಿದ್ದ ಅರ್ಧ. ನಮ್ಮ ದೈವಸ್ಥಾನದಲ್ಲಿ ಮೆಟ್ಟಿಲು ಎಲ್ಲಿದೆ, ಬಾಗಿಲು ಎಷ್ಟು ಎತ್ತರ ಅನ್ನುವುದಕ್ಕೆಲ್ಲಾ ಒಂದು ಕಾರಣ ಇರುತ್ತದೆ. ಅಲ್ಲಿಯೂ ಹಾಗೇ. ಪರವೂರಿನಲ್ಲಿ ಮೊದಲು ಎರಡು ಮಹಡಿಯ ಪಡಿಪ್ಪುರ (ಹೆಬ್ಬಾಗಿಲ ಮನೆ), ಆಮೇಲೆ ದಪ್ಪ ದಪ್ಪ ಕಂಬಗಳ ಉದ್ದ ಮೊಗಸಾಲೆ, ಆಮೇಲೆ ಅಜಾರ ಅನ್ನುವ ಮುಂಕೋಣೆ, ಕೊನೆಗೆ ಪ್ರಾರ್ಥನೆಯ ದೊಡ್ಡ ಕೋಣೆ. ರಸ್ತೆಯ ಗದ್ದಲ ಒಂದೊಂದೇ ಹೆಜ್ಜೆಗೆ ಹಿಂದೆ ಬೀಳುತ್ತದೆ. ನಿಮ್ಮ ಟಿಕೆಟ್ ಕೌಂಟರನ್ನು, ಮಾರಾಟದ ಮೇಜನ್ನು ಈ ದಾರಿಯ ನಡುವೆ ತಂದು ಇಡಬೇಡಿ. ಪಡಿಪ್ಪುರದಲ್ಲಿ ಜಾಗ ಬೇಕಾದಷ್ಟು ಇರುತ್ತದೆ.

ಒಳಗೆ ನಡುವಿನಲ್ಲಿ ಕಟಾಂಜನ ಇರುವ ಒಂದು ಕಟ್ಟೆ. ಅದಕ್ಕೆ ತೇಬಾ ಅನ್ನುತ್ತಾರೆ. ನಿಂತು ಗ್ರಂಥ ಓದುವ ಜಾಗ. ಕೇರಳದ ಸಿನಗಾಗುಗಳಲ್ಲಿ ಇಂಥದ್ದು ಎರಡು. ಇನ್ನೊಂದು ಮೇಲೆ, ಮಹಡಿಯಲ್ಲಿ. ಅದರ ಹಿಂದೆಯೇ ಹೆಂಗಸರು ಕೂರುವ ಜಾಗ. ಬೇರೆ ದೇಶದ ಸಿನಗಾಗುಗಳಲ್ಲಿ ಹೀಗೆ ಮೇಲೊಂದು ತೇಬಾ ಇಡುವ ಪದ್ಧತಿ ಇಲ್ಲ. ಇದು ಇಲ್ಲಿನವರದ್ದೇ. ಹಾಗಾಗಿ "ಮಹಡಿ ಸಡಿಲ, ಜನರನ್ನು ಬಿಡುವುದು ಬೇಡ" ಅಂತ ಸುಲಭದ ದಾರಿ ಹಿಡಿದರೆ ಮುಖ್ಯವಾದದ್ದನ್ನೇ ಮುಚ್ಚಿದ ಹಾಗೆ. ತೊಲೆಗೆ ಬಲ ಕೊಡಿ, ಒಂದು ಸಲಕ್ಕೆ ಹತ್ತು ಜನ ಅಂತ ಮಿತಿ ಹಾಕಿ, ಆದರೆ ಹತ್ತಲು ಬಿಡಿ.

ಹತ್ತು ಅಂದದ್ದಕ್ಕೆ ನೆನಪಾಯಿತು. ಪೂರ್ತಿ ಪ್ರಾರ್ಥನೆ ನಡೆಯಬೇಕಾದರೆ ಅವರ ಪದ್ಧತಿಯಲ್ಲಿ ಹತ್ತು ಜನ ಪ್ರಾಯಕ್ಕೆ ಬಂದ ಗಂಡಸರು ಬೇಕು. 1950ರ ದಶಕದಲ್ಲಿ ಕೇರಳದ ಹೆಚ್ಚಿನ ಯಹೂದಿಗಳು ಇಸ್ರೇಲಿಗೆ ಹೋದರು. ಯಾರೂ ಓಡಿಸಿದ್ದಲ್ಲ, ತಾವೇ ಹೋದದ್ದು. ಊರೂರಿನಲ್ಲಿ ಹತ್ತು ಜನ ಸಿಗದೇ ಹೋದರು. ಗೋಡೆ ಗಟ್ಟಿ ಇದ್ದರೂ ಸಿನಗಾಗಿನ ಪ್ರಾರ್ಥನೆ ನಿಂತುಹೋದದ್ದು ಹೀಗೆ. ಅಕ್ಕನ ಮಗಳು ಒಂದು ಒಳ್ಳೆಯ ಉಪಾಯ ಹೇಳಿದಳು: ಒಳಗೆ ಬೆಂಚಿನ ಮೇಲೆ ಬೊಂಬೆಗಳನ್ನು ಕೂರಿಸುವ ಬದಲು ಹತ್ತು ಖಾಲಿ ಜಾಗ ಗುರುತು ಮಾಡಿ ಇಡುವುದು. ನನಗೆ ಹಿಡಿಸಿತು. ಪ್ರಾರ್ಥನೆಯ ಜಾಗದಲ್ಲಿ ಪ್ರತಿಮೆ ಇಡುವುದು ಅವರಲ್ಲಿ ಇಲ್ಲವೇ ಇಲ್ಲ. ಬೊಂಬೆ ಬೇಕೇ ಬೇಕಾದರೆ ಪಡಿಪ್ಪುರದ ಮೇಲಿನ ಕೋಣೆಯಲ್ಲಿ ಇಡಿ.

ನನ್ನ ಅಭಿಪ್ರಾಯ ಇಷ್ಟೇ. ನಾಳೆ ಹತ್ತು ಜನ ಬಂದು ನಿಂತರೆ ಪ್ರಾರ್ಥನೆ ಮಾಡಲು ಆಗುವ ಹಾಗೆ ರಿಪೇರಿ ಮಾಡಿ. ಬರುತ್ತಾರೋ ಇಲ್ಲವೋ ಬೇರೆ ಮಾತು. ದಿಕ್ಕು, ಕಟ್ಟೆ, ದೀಪದ ಕೊಕ್ಕೆ ಎಲ್ಲಾ ಅದರದರ ಜಾಗದಲ್ಲಿ ಇರಲಿ. ಗಾಜಿನ ಪೆಟ್ಟಿಗೆಗಳನ್ನು ಅಜಾರದಲ್ಲೋ ಪಡಿಪ್ಪುರದಲ್ಲೋ ಇಡಿ.

ಇಲ್ಲದ್ದನ್ನು ಇಲ್ಲ ಅಂತ ಬರೆಯಿರಿ

ಪರವೂರಿನಲ್ಲಿ ಈಗ ಕಾಣುವ ಹೇಖಾಲ್ ಹೊಸದಾಗಿ ಮಾಡಿದ ಪ್ರತಿ. ಹಳೆಯದು ಇಸ್ರೇಲಿನಲ್ಲಿದೆ. ಪ್ರತಿ ಮಾಡುವುದು ತಪ್ಪಲ್ಲ. ಆದರೆ ನೋಡುವವರಿಗೆ ಅದು ಪ್ರತಿ ಅಂತ ಎದುರಿಗೇ ಗೊತ್ತಾಗಬೇಕು, ಹಿಂದಿನ ಗೋಡೆಯ ಸಣ್ಣ ಅಕ್ಷರದಲ್ಲಿ ಅಲ್ಲ.

ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಕತೆ ಇನ್ನೂ ಕಷ್ಟದ್ದು. ಹದಿನಾರನೇ ಶತಮಾನದ ಕಟ್ಟಡ. ಅದರ ಒಳಗಿನ ಕೆತ್ತನೆಯ ಮರದ ಕೆಲಸವನ್ನು 1991ರಲ್ಲಿ ಜೆರುಸಲೇಂನ ಇಸ್ರೇಲ್ ಮ್ಯೂಸಿಯಂಗೆ ಕೊಂಡುಹೋದರು. 1995ರಿಂದ ಅಲ್ಲಿ ಜೋಡಿಸಿ ಇಟ್ಟಿದ್ದಾರೆ, ಚೆನ್ನಾಗಿ ಉಳಿದಿದೆ. ಇಲ್ಲಿ ಉಳಿದದ್ದು ಬರೀ ಗೋಡೆ. ಅದು ಗೋದಾಮಾಗಿತ್ತು. 2019ರ ಮಳೆಗೆ ಒಂದು ಭಾಗ ಕುಸಿಯಿತು. ಒಯ್ದದ್ದು ಸರಿಯೋ ತಪ್ಪೋ ಅಂತ ನಾವಿಬ್ಬರೂ ವಾಪಸು ಬರುವಾಗ ಶೊರ್ನೂರಿನವರೆಗೆ ಜಗಳ ಮಾಡಿದೆವು. ಒಯ್ಯದಿದ್ದರೆ ಮರವೂ ಮಣ್ಣಾಗುತ್ತಿತ್ತು ಅಂತ ಅವಳು. ಮರ ಇದ್ದಿದ್ದರೆ ಗೋಡೆಯನ್ನೂ ಯಾರಾದರೂ ನೋಡಿಕೊಳ್ಳುತ್ತಿದ್ದರು ಅಂತ ನಾನು.

ವಸ್ತುಗಳ ವಿಷಯದಲ್ಲಿ ಕಾನೂನು ಗೊತ್ತಿರಲಿ. ನೂರು ವರ್ಷ ದಾಟಿದ ಕೆತ್ತನೆ, ಲೋಹದ ವಸ್ತುಗಳೆಲ್ಲಾ 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತವೆ. ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ಸಾಕು. ಸಿಕ್ಕಿದ ದಿನವೇ ಫೋಟೊ, ಅಳತೆ, ಸಿಕ್ಕಿದ ಜಾಗ ಬರೆದು ಪುಸ್ತಕಕ್ಕೆ ಹತ್ತಿಸಿ. ಕಟ್ಟಡ ರಾಜ್ಯದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅವರ ಒಪ್ಪಿಗೆ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಹರಿದ ಕಾಗದ ಎಸೆಯಬೇಡಿ

ಅಟ್ಟ ಗುಡಿಸುವವರಿಗೆ ಇದನ್ನು ಮೊದಲ ದಿನವೇ ಹೇಳಿ. ದೇವರ ಹೆಸರು ಬರೆದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ, ಸುಡುವುದಿಲ್ಲ. ಹಳೆಯದಾದರೆ ಒಂದು ಕಡೆ ಕೂಡಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಆ ಕೂಡಿಡುವ ಜಾಗಕ್ಕೆ ಗೆನಿಜಾ ಅಂತ ಹೆಸರು.

ಇದರಿಂದ ನಮಗೆ ಆದ ಲಾಭ ಕೇಳಿ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ನಮ್ಮ ಪಕ್ಕದ ಮಂಗಳೂರಿನಲ್ಲಿದ್ದ. ಟ್ಯುನೀಷಿಯಾದ ಕಡೆಯವನು. 1132ರ ಸುಮಾರಿಗೆ ಬಂದವನು 1149ರವರೆಗೆ ಹೆಚ್ಚಿನ ಕಾಲ ಇಲ್ಲೇ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಮೆಣಸು, ಕಬ್ಬಿಣ, ನಮ್ಮ ಅಡಿಕೆ ಎಲ್ಲಾ ಯೆಮೆನಿನ ಬಂದರು ಏಡನ್ನಿಗೆ ಕಳಿಸುತ್ತಿದ್ದ. ಅವನ ಆಳು ಬೊಮ್ಮ ಅಂತ. ಆ ಹೆಸರು ಕೇಳಿದರೆ ಯಾವ ಕಡೆಯವನು ಅಂತ ನಾವು ಊಹಿಸಬಹುದು. ಏಡನ್ನಿನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಇದೆಲ್ಲಾ ಹೇಗೆ ಗೊತ್ತು? ಅವನ ಪತ್ರಗಳು, ಲೆಕ್ಕದ ಚೀಟಿಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಲ್ಲಿ ಏಳುನೂರಕ್ಕೂ ಹೆಚ್ಚು ವರ್ಷ ಬಿದ್ದಿದ್ದವು. ಸೊಲೊಮನ್ ಶೆಕ್ಟರ್ ಅನ್ನುವ ವಿದ್ವಾಂಸರು 1896-97ರಲ್ಲಿ ಆ ರಾಶಿಯ ದೊಡ್ಡ ಪಾಲನ್ನು ಕೇಂಬ್ರಿಡ್ಜಿಗೆ ಒಯ್ದರು. ಆಮೇಲೆ ಎಸ್. ಡಿ. ಗೋಯ್ಟೀನ್ ಈ ವ್ಯಾಪಾರಿಗಳ ಪತ್ರಗಳನ್ನು ಬಿಡಿಸಿ ಓದಿದರು. ಗುಡಿಸುವವನು ಯಾವನಾದರೂ ಒಂದು ದಿನ ಚುರುಕಾಗಿದ್ದರೆ ಮಂಗಳೂರಿನ ಆ ಹದಿನೇಳು ವರ್ಷ ನಮಗೆ ಸಿಗುತ್ತಿರಲಿಲ್ಲ.

ಆದ್ದರಿಂದ ಸಿಕ್ಕಿದ ಕಾಗದ ಮಲೆಯಾಳದ ಅಂಗಡಿ ಚೀಟಿ ಆದರೂ ಒಂದು ಪೆಟ್ಟಿಗೆಯಲ್ಲಿ ಹಾಕಿ. ಕಾಗದ, ಬಟ್ಟೆ, ಚರ್ಮದ ಸುರುಳಿ ಯಾವುದಕ್ಕೂ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ. ತೇವ ನೂರಕ್ಕೆ ಐವತ್ತರ ಆಸುಪಾಸಿನಲ್ಲಿ ನಿಲ್ಲಬೇಕು. ಜುಲೈ ತಿಂಗಳಲ್ಲಿ ಹೊರಗೆ ತೊಂಬತ್ತು ಇರುವಾಗ ಇದು ಹೇಳಿದಷ್ಟು ಸುಲಭ ಅಲ್ಲ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಮರೆತುಬಿಟ್ಟರೆ ಇಟ್ಟದ್ದೂ ದಂಡ. ಅದನ್ನು ಬದಲಿಸುವವನ ಹೆಸರು, ದಿನ ಗೋಡೆಗೆ ಅಂಟಿಸಿ.

ಬೋರ್ಡು, ಹಾಡು, ಶನಿವಾರ

ಬೋರ್ಡಿನ ಭಾಷೆ ಅಂದರೆ ಏನು ಅಂತ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡದವನಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಮಲೆಯಾಳ ಮೊದಲು ಇರಲಿ. ಆ ಜನರ ಮನೆಮಾತು ಅದೇ. ಆಮೇಲೆ ಹೀಬ್ರೂ, ಇಂಗ್ಲಿಷ್. ಹೀಬ್ರೂ ಗೊತ್ತಿರುವವರಿಗೆ ತೋರಿಸದೆ ಪೇಂಟರ್ ಕೈಗೆ ಕೊಡಬೇಡಿ. ನಮ್ಮ ಪ-ಷ ಇದ್ದ ಹಾಗೆ ಅಲ್ಲಿ ದಾಲೆತ್, ರೇಶ್ ಅಂತ ಎರಡು ಅಕ್ಷರ. ಮೂಲೆಯ ಒಂದು ಚೂಪು ಮಾತ್ರ ವ್ಯತ್ಯಾಸ. ಆ ಚೂಪು ತಪ್ಪಿದರೆ "ಒಬ್ಬನೇ" ಅನ್ನುವ ಮಾತು "ಇನ್ನೊಬ್ಬ" ಆಗುತ್ತದೆ. ದೇವರ ವಿಷಯದಲ್ಲಿ ಅದು ಸಣ್ಣ ತಪ್ಪಲ್ಲ.

ಚೇಂದಮಂಗಲದ ಸಿನಗಾಗಿನ ಅಂಗಳದಲ್ಲಿ ಸಾರಾ ಬತ್ ಇಸ್ರಾಯೆಲ್ ಅನ್ನುವ ಹೆಂಗಸಿನ ಗೋರಿಕಲ್ಲು ಇದೆ. 1269ರದ್ದು. ನಾನು ಜಾಸ್ತಿ ಹೊತ್ತು ನಿಂತದ್ದು ಅಲ್ಲೇ. ಇಂಥ ಕಲ್ಲನ್ನು ಆಸಿಡ್ ಹಾಕಿ ತಿಕ್ಕಬೇಡಿ. ಅಕ್ಷರಕ್ಕೆ ಬಣ್ಣ ತುಂಬಬೇಡಿ. ಸಂಜೆ ಓರೆ ಬಿಸಿಲು ಬೀಳುವಾಗ ಅಕ್ಷರ ತಾನೇ ಏಳುತ್ತದೆ, ಫೋಟೊ ಆಗ ತೆಗೆಯಿರಿ.

ಕೊಚ್ಚಿಯ ಯಹೂದಿ ಹೆಂಗಸರು ಮಲೆಯಾಳದಲ್ಲಿ ಹಾಡು ಕಟ್ಟಿ, ಪುಸ್ತಕದಲ್ಲಿ ಬರೆದಿಟ್ಟು, ಮದುವೆ ಹಬ್ಬಗಳಲ್ಲಿ ಗಂಡಸರ ಎದುರೇ ಹಾಡುತ್ತಿದ್ದರು. ನಮ್ಮ ಅಮ್ಮಂದಿರ ಶೋಭಾನೆ ಪುಸ್ತಕದ ಹಾಗೆ. ರೆಕಾರ್ಡ್ ಸಿಕ್ಕರೆ ಅನುಮತಿ ಪಡೆದು ಮೇಲೆ ಹೆಂಗಸರ ಜಾಗದಲ್ಲಿ ಮೆಲ್ಲಗೆ ಹಾಕಿ. ಕೆಳಗೆ ಕೇಳಿಸಿದರೂ ಪರವಾಗಿಲ್ಲ. ಊರು ಬಿಟ್ಟು ಹೋದವರ ಮಕ್ಕಳು, ಮೊಮ್ಮಕ್ಕಳು ಇಸ್ರೇಲಿನಲ್ಲಿದ್ದಾರೆ. ನೆಗೆವ್ ಮರುಭೂಮಿಯ ನೆವಾತಿಮ್ ಅನ್ನುವ ಹಳ್ಳಿಯಲ್ಲಿ ಕೊಚ್ಚಿಯವರದ್ದೇ ಸಿನಗಾಗ್ ಇದೆ. ನಕ್ಷೆ ಮುಗಿಯುವ ಮೊದಲು ಅವರಿಗೆ ಕಳಿಸಿ, ಎಲ್ಲಿ ಯಾರು ಕೂರುತ್ತಿದ್ದರು ಕೇಳಿ. ಮುಗಿದ ಮೇಲೆ ಕೇಳಿದರೆ ಪಾಪ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಉದ್ಘಾಟನೆಗೆ ಶನಿವಾರ ಇಡಬೇಡಿ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ಮಂತ್ರಿಗಳಿಗೆ ಬೇರೆ ದಿನ ಸಿಗಲಿಲ್ಲ ಅಂದರೆ ಮಂತ್ರಿಗಳಿಲ್ಲದೆ ಮಾಡಿ. ಚಪ್ಪಲಿ ಹೊರಗೆ. ಮಟ್ಟಾಂಚೇರಿಯ ಪರದೇಶಿ ಸಿನಗಾಗಿನಲ್ಲೂ ಹಾಗೆಯೇ. 1568ರ ಆ ಕಟ್ಟಡದ ಚೀನಾ ಟೈಲ್ಸ್ ಮೇಲೆ ನಾನೂ ಬರಿಗಾಲಲ್ಲೇ ನಡೆದೆ. ತಂಪಾಗಿತ್ತು.

ಎಲ್ಲಾ ಆದ ಮೇಲೆ ಬೀಗದ ಕೈ ಎರಡು ಮಾಡಿಸಿ. ಒಂದು ಆಫೀಸಿನಲ್ಲಿ ಇರಲಿ. ಇನ್ನೊಂದನ್ನು ಪಕ್ಕದ ಮನೆಯಲ್ಲಿ ಕೊಡಿ, ಜೊತೆಗೆ ಒಂದು ಏಣಿಯನ್ನೂ ಹತ್ತು ಹೆಚ್ಚುವರಿ ಹೆಂಚುಗಳನ್ನೂ. ಭಾನುವಾರ ರಾತ್ರಿ ಗಾಳಿಗೆ ಪಡುವಣ ಮಾಡಿನ ಹೆಂಚು ಹಾರಿದರೆ ಸೋಮವಾರ ಹತ್ತು ಗಂಟೆಗೆ ಬರುವ ಆಫೀಸರ್ ಏನು ಮಾಡಲು ಆಗುತ್ತದೆ?